ಪ್ರೇಮ್‌ಜಿ ಮೊಟ್ಟೆ, ಪ್ರೇಮ್‌ಜಿ ಯೂನಿವರ್ಸಿಟಿ: ನಮ್ಮ ಪಾಲು ಎಲ್ಲಿ?

ಕಡೂರು ಬಸ್ ನಿಲ್ದಾಣದಲ್ಲಿ ಬೆಳಗ್ಗೆ ತರೀಕೆರೆ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಕಿವಿಗೆ ಬಿದ್ದ ಮಾತು ಇದು. ಒಬ್ಬರು ಕೊಬ್ಬರಿ ವ್ಯಾಪಾರದವರು. ಇನ್ನೊಬ್ಬಾಕೆ ಹಳ್ಳಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಡುಗೆಯಮ್ಮ.

'ಈಗ ವಾರಕ್ಕೆ ಆರು ದಿನಾನೂ ಮೊಟ್ಟೆ ಬೇಯ್ಸಬೇಕು ಕಣಣ್ಣ. ಎರಡು ದಿನದ್ದು ಸರ್ಕಾರದ್ದಂತೆ, ಮಿಕ್ಕ ನಾಲ್ಕು ದಿನದ್ದು ಯಾರೋ ಪ್ರೇಮ್‌ಜಿ ಅನ್ನೋರದ್ದಂತೆ.'

'ಯಾರಮ್ಮ ಅವರು? ಎಲೆಕ್ಷನ್‌ಗೆ ನಿಲ್ತಾರಾ?'

'ಇಲ್ವಂತಪ್ಪ.'

'ಹಾಗಾದ್ರೆ ಬೇರೆ ಏನೋ ಲಾಭ ಇರ್ಬೇಕು ಬಿಡು. ಸುಮ್‌ಸುಮ್ನೆ ಯಾರು ಕೊಡ್ತಾರೆ?'

ಅಷ್ಟರಲ್ಲಿ ಬಸ್ಸು ಬಂತು, ಸೀಟಿನ ಗಲಾಟೆಯಲ್ಲಿ ಮಾತು ಅಲ್ಲಿಗೇ ನಿಂತಿತು. ಆದರೆ ಕೊಬ್ಬರಿ ಸಾಹುಕಾರರ ಪ್ರಶ್ನೆ ಮಾತ್ರ ನಮ್ಮ ಜೊತೆ ತರೀಕೆರೆ ತನಕ ಬಂತು. ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ವ್ಯಾಪಾರ ಬಲ್ಲವರು ಕೇಳಬೇಕಾದ ಪ್ರಶ್ನೆಯೇ ಅದು. ಇವತ್ತು ಅದಕ್ಕೆ ಉತ್ತರ ಹುಡುಕೋಣ.

ಯಾರು ಈ ಪ್ರೇಮ್‌ಜಿ?

ನಿಮ್ಮ ಅಂಗಡಿಯಲ್ಲಿ ಸಂತೂರ್ ಸೋಪು ಇದೆ ತಾನೆ? ಅದು ಅಜೀಂ ಪ್ರೇಮ್‌ಜಿ ಅವರ ವಿಪ್ರೋ ಬಳಗದ ಸರಕು. ಕಂಪ್ಯೂಟರ್ ಕಂಪನಿ ಅಂತಲೇ ಎಲ್ಲರಿಗೂ ಗೊತ್ತಿರುವ ವಿಪ್ರೋ ಶುರುವಾಗಿದ್ದು ಎಣ್ಣೆ ವ್ಯಾಪಾರದಿಂದ. 1945ರಲ್ಲಿ ಅಜೀಂ ಅವರ ತಂದೆ ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಅಮಳ್ನೇರ್ ಎಂಬ ಊರಿನಲ್ಲಿ ವನಸ್ಪತಿ ತಯಾರಿಸುವ ಕಂಪನಿ ತೆರೆದರು. ಅಮಳ್ನೇರ್ ಅಂದರೆ ಮುಂಬಯಿಯ ಪೇಟೆಯಲ್ಲ, ನಮ್ಮ ಕಡೂರು ಬೀರೂರಿನ ಹಾಗೆ ಸುತ್ತಲ ಹಳ್ಳಿಗಳ ಫಸಲು ನಂಬಿ ಬದುಕುವ ಊರು.

1966ರಲ್ಲಿ ತಂದೆ ತೀರಿಕೊಂಡರು. ಆಗ ಅಜೀಂ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ 21 ವರ್ಷದ ಹುಡುಗ. ಓದು ಅರ್ಧಕ್ಕೆ ಬಿಟ್ಟು ಬಂದು ಕಂಪನಿ ನೋಡಿಕೊಂಡರು. ಬಾಕಿ ಉಳಿದ ಡಿಗ್ರಿ ಮುಗಿಸಿದ್ದು ಮೂರು ದಶಕ ಕಳೆದ ಮೇಲೆ.

ಈ ಸಂಗತಿ ಓದುವಾಗ ಈ ಬಡ ವರದಿಗಾರನಿಗೂ ತನ್ನ ಕಥೆ ನೆನಪಾಯಿತು. ನಾವೂ ಪಿಯುಸಿ ಎರಡನೇ ವರ್ಷದ ಅರ್ಧಕ್ಕೆ ಬಿಟ್ಟವರೇ. ಅಪ್ಪ ಹಾಸಿಗೆ ಹಿಡಿದರು, ಅಂಗಡಿಯಲ್ಲಿ ಕೂರೋರು ಇರಲಿಲ್ಲ. ವ್ಯತ್ಯಾಸ ಇಷ್ಟೇ. ಅವರಿಗೆ ಕಾರ್ಖಾನೆ ಕಾದಿತ್ತು, ನಮಗೆ ಎಂಟಡಿ ಅಗಲದ ಅಂಗಡಿ ಮತ್ತು ಅದರ ಸಾಲ ಕಾದಿತ್ತು. ಅವರು ಡಿಗ್ರಿ ಮುಗಿಸಿದರು. ನಮ್ಮ ಪಿಯುಸಿ ಇನ್ನೂ ಬಾಕಿ ಇದೆ. ಓದು ಬಿಟ್ಟರೂ ಸಾಹುಕಾರರಾಗಬಹುದು ಅಂತ ಮಕ್ಕಳ ಮುಂದೆ ಭಾಷಣ ಮಾಡೋರು ಈ ವ್ಯತ್ಯಾಸ ನೆನಪಿಟ್ಟುಕೊಂಡರೆ ಒಳ್ಳೆಯದು.

ಬುಟ್ಟಿ ಕಾಯಿಯೋ, ತೋಟದ ಫಸಲೋ?

ಇನ್ನು ಇವರು ಕೊಟ್ಟಿದ್ದೆಷ್ಟು? 2019ರ ಮಾರ್ಚ್‌ನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಪ್ರಕಟಿಸಿದ ಲೆಕ್ಕದ ಪ್ರಕಾರ ಅದುವರೆಗಿನ ಒಟ್ಟು ಕೊಡುಗೆ 1.45 ಲಕ್ಷ ಕೋಟಿ ರೂಪಾಯಿ. ಈ ಅಂಕಿ ನಮ್ಮ ನಿಮ್ಮ ತಲೆಗೆ ಹೋಗುವಂಥದ್ದಲ್ಲ, ಬಿಡಿ. ನಮ್ಮೂರಿನ ಲೆಕ್ಕದಲ್ಲಿ ಹೇಳೋಣ.

ಒಬ್ಬ ಸಾಹುಕಾರರಿಗೆ ತೆಂಗಿನ ತೋಟ ಇದೆ ಅಂತ ಇಟ್ಕೊಳ್ಳಿ. ಊರ ಶಾಲೆಗೆ ಹಬ್ಬಕ್ಕೊಂದು ಬುಟ್ಟಿ ಕಾಯಿ ಕೊಟ್ಟರೆ ಅದೂ ದಾನವೇ. ಪೇಪರಿನಲ್ಲಿ ಫೋಟೋ ಬರುತ್ತದೆ. ಆದರೆ ತೋಟದಲ್ಲಿ ನೂರು ಮರ ಇದ್ದರೆ ಅರವತ್ತೇಳು ಮರದ ಫಸಲು ಇನ್ನು ಮುಂದೆ ಯಾವತ್ತೂ ಶಾಲೆಗೇ, ಈ ಮಾತು ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ ಅಂತ ಬರೆದುಕೊಟ್ಟರೆ? ಪ್ರೇಮ್‌ಜಿ ಮಾಡಿದ್ದು ಅದು. ವಿಪ್ರೋ ಕಂಪನಿಯ ಶೇಕಡಾ 67ರಷ್ಟು ಷೇರುಗಳ ಆದಾಯ ಈ ದಾನದ ಬಾಬ್ತಿಗೆ ಹೋಗುವಂತೆ ಮಾಡಿದರು. ಕಂಪನಿ ಲಾಭಾಂಶ ಹಂಚಿದಾಗಲೆಲ್ಲ ದೊಡ್ಡ ಪಾಲು ಅಲ್ಲಿಗೆ ಸಲ್ಲುತ್ತದೆ.

ಕಂಪನಿಗಳು ಲಾಭದ ಶೇಕಡಾ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದೆ. ಅದು ಕಾನೂನಿನ ಬಲವಂತ. ಇದು ಆ ಬಾಬ್ತಿನದ್ದಲ್ಲ, ಸ್ವಂತ ಆಸ್ತಿಯ ಕೊಡುಗೆ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಫಸಲು ದಾನಕ್ಕೆ ಹೋದರೂ ತೋಟದ ಉಸ್ತುವಾರಿ ಮನೆಯವರ ಕೈಲೇ ಇದೆ. 2019ರಲ್ಲಿ ಅಜೀಂ ಇಳಿದ ಮೇಲೆ ಕಂಪನಿಯ ಅಧ್ಯಕ್ಷರಾದವರು ಅವರ ಮಗ ರಿಷದ್. ಇದು ತಪ್ಪು ಅಂತ ನಾವು ಹೇಳುತ್ತಿಲ್ಲ. ಲೆಕ್ಕ ಹೇಳುವಾಗ ಎರಡೂ ಕಡೆ ಬರೆಯಬೇಕು ಅಂತ ಅಂಗಡಿಯಲ್ಲಿ ಕೂತವರಿಗೆ ಗೊತ್ತಿದೆ.

ಯೂನಿವರ್ಸಿಟಿ ಯಾಕೆ ಬೇಕಿತ್ತು?

ಪ್ರೇಮ್‌ಜಿ ಫೌಂಡೇಶನ್ 2000ನೇ ಇಸವಿಯ ಸುಮಾರಿಗೆ ಕೆಲಸ ಶುರುಮಾಡಿತು. ಮೊದಮೊದಲು ನಮ್ಮ ರಾಜ್ಯದ ಈಶಾನ್ಯ ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ, ಸರ್ಕಾರದ ಜೊತೆ ಸೇರಿ, ಮಕ್ಕಳು ನಿಜಕ್ಕೂ ಕಲಿಯುತ್ತಿದ್ದಾರಾ ಅಂತ ನೋಡುವ 'ಕಲಿಕಾ ಖಾತರಿ' ಕೆಲಸ ಮಾಡಿದರು. ಸುರಪುರದ ಕಡೆ ವರ್ಷಗಟ್ಟಲೆ ಓಡಾಡಿದರು. ಶಾಲೆಗೆ ಕಟ್ಟಡ, ಕಂಪ್ಯೂಟರು ಕೊಟ್ಟರೆ ಸಾಲದು, ಮೇಷ್ಟ್ರನ್ನು ತಯಾರು ಮಾಡಬೇಕು, ಮೇಷ್ಟ್ರಿಗೆ ಕಲಿಸುವವರನ್ನೂ ತಯಾರು ಮಾಡಬೇಕು ಅನ್ನೋದು ಅಲ್ಲಿ ಅರ್ಥವಾಯಿತು. ಅದಕ್ಕೇ ಯೂನಿವರ್ಸಿಟಿ.

2010ರಲ್ಲಿ ನಮ್ಮ ವಿಧಾನಮಂಡಲ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕಾಯ್ದೆ ಪಾಸು ಮಾಡಿತು. 2011ರಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಪಾಠ ಶುರುವಾಯಿತು. ಈಗ ಸರ್ಜಾಪುರದ ಹತ್ತಿರ ಬುರುಗುಂಟೆಯಲ್ಲಿ ಸ್ವಂತ ಜಾಗ ಇದೆ. 2023ರಲ್ಲಿ ಭೋಪಾಲದಲ್ಲೂ ಇನ್ನೊಂದು ತೆರೆದರು.

ಕಂಪ್ಯೂಟರ್ ಕಂಪನಿ ಯಜಮಾನರು ಯೂನಿವರ್ಸಿಟಿ ತೆಗೆದರೆ ತಮ್ಮ ಕಂಪನಿಗೆ ಬೇಕಾದ ಇಂಜಿನಿಯರುಗಳನ್ನೇ ತಯಾರು ಮಾಡುತ್ತಾರೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಇಲ್ಲಿ ಮೊದಲು ಶುರುವಾದ ಕೋರ್ಸುಗಳು ಶಿಕ್ಷಣ ಮತ್ತು ಅಭಿವೃದ್ಧಿಯ ಎಂ.ಎ.ಗಳು. ಅಂದರೆ ಶಾಲೆಗೆ, ಹಳ್ಳಿಗೆ, ಪಂಚಾಯ್ತಿಗೆ ಬೇಕಾಗುವ ಓದು. ಡಿಗ್ರಿ ತರಗತಿಗಳು 2015ರಲ್ಲಿ ಬಂದವು. ಫೀಸು ಇದೆ, ಆದರೆ ಮನೆಯ ವರಮಾನ ನೋಡಿ ಮಾಫಿ ಕೊಡುತ್ತಾರೆ.

ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ಒಳ್ಳೆಯ ಹೆಸರೇನೂ ಇರಲಿಲ್ಲ. ಇಂಜಿನಿಯರಿಂಗ್, ಮೆಡಿಕಲ್ ಸೀಟಿಗೆ ಕಂತೆ ಕಂತೆ ನೋಟು ಸುರಿದು ಸೇರುವ ಕ್ಯಾಪಿಟೇಷನ್ ಕಾಲೇಜುಗಳ ನಾಡು ಅಂತ ದೇಶವೇ ಆಡಿಕೊಂಡಿತ್ತು. 1984ರಲ್ಲಿ ಅದನ್ನು ತಡೆಯಲು ಕಾಯ್ದೆ ಮಾಡಬೇಕಾಯಿತು. ಕಾಲೇಜು ತೆಗೆದು ಸಾಹುಕಾರರಾದವರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಸಾಹುಕಾರರಾಗಿ ಬಂದು ಕಾಲೇಜಿಗೆ ಹಣ ಸುರಿದವರು ಕಮ್ಮಿ. ಈ ಕಾರಣಕ್ಕೆ ಪ್ರೇಮ್‌ಜಿ ಅವರಿಗೆ ಒಂದು ನಮಸ್ಕಾರ ಸಲ್ಲಬೇಕು. ಸಲ್ಲಿಸಿ ಮುಂದಕ್ಕೆ ಹೋಗೋಣ.

ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ನಮ್ಮಜ್ಜನ ಕಂದಾಯ

ಇಂಥದ್ದೇ ಕೆಲಸ ಬೆಂಗಳೂರಿನಲ್ಲಿ ನೂರು ವರ್ಷಕ್ಕೂ ಹಿಂದೆ ನಡೆದಿತ್ತು. ಮುಂಬಯಿಯ ಉದ್ಯಮಿ ಜೆಮ್‌ಷೆಡ್‌ಜಿ ಟಾಟಾ ತಮ್ಮ ಆಸ್ತಿಯ ಸುಮಾರು ಅರ್ಧ ಭಾಗ ಕೊಡ್ತೀನಿ, ಸಂಶೋಧನೆಗೆ ಒಂದು ಯೂನಿವರ್ಸಿಟಿ ಆಗಲಿ ಅಂತ ಮುಂದೆ ಬಂದರು. 1898ರ ಡಿಸೆಂಬರ್ ಕೊನೆಯಲ್ಲಿ, ಆಗ ತಾನೇ ಹಡಗಿನಿಂದ ಇಳಿದಿದ್ದ ವೈಸರಾಯ್ ಕರ್ಜನ್ ಮುಂದೆ ಯೋಜನೆ ಇಟ್ಟರು. ಕೊಡೋರು ಕೊಡ್ತೀವಿ ಅಂದರೂ ತಗೊಳ್ಳೋ ಸರ್ಕಾರ ಮೀನಮೇಷ ಎಣಿಸಿತು. ಕಮಿಟಿ ಮೇಲೆ ಕಮಿಟಿ, ವರದಿ ಮೇಲೆ ವರದಿ. 1904ರಲ್ಲಿ ಟಾಟಾ ಕಣ್ಣುಮುಚ್ಚಿದರು. ಸಂಸ್ಥೆಯನ್ನು ಅವರು ನೋಡಲೇ ಇಲ್ಲ.

ತಂದೆಯ ಮಾತನ್ನು ಮಕ್ಕಳು ಉಳಿಸಿಕೊಂಡರು. ಆದರೆ ಬರೀ ಟಾಟಾ ದುಡ್ಡಿನಿಂದ ಅದು ಏಳಲಿಲ್ಲ. ಮೈಸೂರು ಸಂಸ್ಥಾನ 1907ರಲ್ಲಿ 371 ಎಕರೆ ಜಾಗ ಬಿಟ್ಟುಕೊಟ್ಟಿತು. ಕಟ್ಟಡಕ್ಕೆ 5 ಲಕ್ಷ ರೂಪಾಯಿ, ವರ್ಷ ವರ್ಷ 50 ಸಾವಿರ ಬೇರೆ. 1909ರಲ್ಲಿ ಸಂಸ್ಥೆ ಕಾಯಿದೆ ಪ್ರಕಾರ ನಿಂತಿತು. 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು.

ಆ ಕಾಲಕ್ಕೆ ಈಗಿನ ಚಿಕ್ಕಮಗಳೂರು ಜಿಲ್ಲೆಯ ಹೆಸರು ಕಡೂರು ಜಿಲ್ಲೆ. 1947ರ ತನಕವೂ ಅದೇ ಹೆಸರು. ಕಡೂರಿನ ತೆಂಗು, ತರೀಕೆರೆಯ ಅಡಿಕೆ, ಅಜ್ಜಂಪುರದ ಎರೆಹೊಲ, ಎಲ್ಲದರ ಕಂದಾಯವೂ ಮೈಸೂರು ಬೊಕ್ಕಸಕ್ಕೇ ಹೋಗುತ್ತಿತ್ತು. ಅದೇ ಬೊಕ್ಕಸದಿಂದ ಆ 5 ಲಕ್ಷ ಎದ್ದಿತು. ಅಂದಮೇಲೆ ಟಾಟಾ ಇನ್‌ಸ್ಟಿಟ್ಯೂಟಿನ ಗೋಡೆಯಲ್ಲಿ ನಮ್ಮಜ್ಜ ಮುತ್ತಜ್ಜಂದಿರು ಶಾನುಭೋಗರಿಗೆ ಕಟ್ಟಿದ ಕಾಸೂ ಇದೆ.

ಅದರಿಂದ ನಮಗೇನು ಬಂತು ಅಂತೀರಾ? ಮತ್ತೆ ನಿಮ್ಮ ಅಂಗಡಿಯ ಸೋಪಿನ ಕಪಾಟಿಗೇ ಬನ್ನಿ. ಸಂತೂರ್ ಪಕ್ಕದಲ್ಲಿ ಮೈಸೂರು ಸ್ಯಾಂಡಲ್ ಇದೆ ನೋಡಿ. ಮೊದಲನೇ ಮಹಾಯುದ್ಧ ಬಂದು ಶ್ರೀಗಂಧದ ತುಂಡುಗಳು ಯೂರೋಪಿಗೆ ಹೋಗೋದು ನಿಂತುಹೋದಾಗ, ಸಂಸ್ಥಾನ ಆ ಸಂಸ್ಥೆಯ ವಿಜ್ಞಾನಿಗಳ ಕೈಲಿ ಇಲ್ಲೇ ಗಂಧದೆಣ್ಣೆ ತೆಗೆಸಿತು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಕಾರ್ಖಾನೆ ಬಂತು, ಅದರ ಹಿಂದೆಯೇ ಸೋಪು ಬಂತು. ಗಂಧ ಬೆಳೆದ ಕಾಡು ನಮ್ಮದು, ಎಣ್ಣೆ ತೆಗೆಯೋ ವಿದ್ಯೆ ಅಲ್ಲಿಂದ ಬಂದದ್ದು. ಯೂನಿವರ್ಸಿಟಿ ಅಂದರೆ ಕಪ್ಪು ಗೌನು ಹಾಕಿ ಫೋಟೋ ತೆಗೆಸಿಕೊಳ್ಳೋ ಜಾಗ ಅಂದುಕೊಂಡವರಿಗೆ ಈ ಸೋಪು ತೋರಿಸಿ.

ಇನ್ನೊಂದು ವಿಷಯ. ಆ ಸಂಸ್ಥೆಯ ಅಧಿಕೃತ ಹೆಸರಿನಲ್ಲಿ ಟಾಟಾ ಅನ್ನೋ ಪದವೇ ಇಲ್ಲ. ಅದು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್. ಆದರೆ ಬೆಂಗಳೂರಿನ ಬಸ್ ಕಂಡಕ್ಟರು 'ಟಾಟಾ ಇನ್‌ಸ್ಟಿಟ್ಯೂಟ್ ಇಳೀರಿ' ಅಂತಾನೇ ಕೂಗುತ್ತಾ ಬಂದರು. ಪ್ರೇಮ್‌ಜಿ ಅವರ ಯೂನಿವರ್ಸಿಟಿಗೆ ಶುರುವಿನಿಂದಲೇ ಅವರ ಹೆಸರಿದೆ. ಈ ಒಂದು ವಿಷಯದಲ್ಲಿ ಹಳೇ ಸಾಹುಕಾರರಿಗೇ ನಮ್ಮ ವೋಟು.

ಮೂರು ವರ್ಷ ಆದಮೇಲೆ?

ಮತ್ತೆ ಮೊಟ್ಟೆಗೆ ಬರೋಣ. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಮತ್ತು ಪ್ರೇಮ್‌ಜಿ ಫೌಂಡೇಶನ್ ನಡುವೆ ಕರಾರು ಆಯಿತು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ಸರ್ಕಾರ ಕೊಡುತ್ತಿದ್ದ ಎರಡು ದಿನದ ಮೊಟ್ಟೆ ಆ ವರ್ಷದ ಸೆಪ್ಟೆಂಬರ್‌ನಿಂದ ಆರು ದಿನವಾಯಿತು. ಒಂದನೇ ತರಗತಿಯಿಂದ ಹತ್ತನೇ ತರಗತಿವರೆಗೆ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು.

ಒಳ್ಳೆಯದೇ. ಖಾಲಿ ಹೊಟ್ಟೆಯ ಹುಡುಗನಿಗೆ ಮಗ್ಗಿ ಹತ್ತೋದಿಲ್ಲ. ಆದರೆ ಒಂದು ಮೊಟ್ಟೆಗೆ ಗೊತ್ತು ಮಾಡಿದ್ದು ಗ್ಯಾಸು, ಸಾಗಣೆ, ಸಿಪ್ಪೆ ಸುಲಿಯೋ ಕೂಲಿ ಎಲ್ಲ ಸೇರಿ 6 ರೂಪಾಯಿ. ಸಂತೆಯಲ್ಲಿ ಮೊಟ್ಟೆ ದರ ಏರಿದ ವಾರ ಹೆಡ್‌ಮೇಷ್ಟ್ರು ಏನು ಮಾಡಬೇಕು? ಜೇಬಿನಿಂದ ಹಾಕಬೇಕಾ, ಸಣ್ಣ ಮೊಟ್ಟೆ ತರಬೇಕಾ, ಇಲ್ಲಾ ಪುಸ್ತಕದಲ್ಲಿ ಮಾತ್ರ ಬೇಯಿಸಬೇಕಾ? ಈ ತೂತು ಮುಚ್ಚೋದು ದಾನಿಗಳ ಕೆಲಸ ಅಲ್ಲ, ಇಲಾಖೆಯ ಕೆಲಸ.

ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. 2024ರಿಂದ ಮೂರು ವರ್ಷ ಎಣಿಸಿದರೆ 2027. ಆಮೇಲೆ ಆ ನಾಲ್ಕು ಮೊಟ್ಟೆ ಯಾರದ್ದು? ಫೌಂಡೇಶನ್‌ನವರು ಕರಾರು ಮುಂದುವರಿಸಿದರೆ ಸಂತೋಷ. ಇಲ್ಲಾಂದ್ರೆ ಅವರನ್ನು ಬೈಯೋ ಹಾಗಿಲ್ಲ. ಅವರಿಗೆ ನಾವು ವೋಟು ಹಾಕಿಲ್ಲ, ಅವರನ್ನು ಇಳಿಸೋ ಹಕ್ಕೂ ನಮಗಿಲ್ಲ. ವೋಟು ಹಾಕಿದ್ದು ಸರ್ಕಾರಕ್ಕೆ. ಸಾಹುಕಾರರು ಮೂರು ವರ್ಷ ನೊಗಕ್ಕೆ ಹೆಗಲು ಕೊಟ್ಟರು ಅಂದರೆ, ಅಷ್ಟರಲ್ಲಿ ಸರ್ಕಾರ ತನ್ನ ಎತ್ತು ಮೇಯಿಸಿ ತಯಾರು ಮಾಡಿಟ್ಟುಕೊಳ್ಳಬೇಕು. ಹಾಗೆ ಮಾಡುತ್ತಿದೆಯಾ ಅಂತ ಈಗಲೇ ಕೇಳಬೇಕು, 2027ರಲ್ಲಿ ಅಲ್ಲ.

ಯೂನಿವರ್ಸಿಟಿ ವಿಷಯವೂ ಹೀಗೇ. ನಮ್ಮ ತರೀಕೆರೆಯಿಂದ ಲಕ್ಕವಳ್ಳಿ ಕಡೆ ಬಸ್ಸು ಹತ್ತಿದರೆ ಸಿಗೋದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ. 1987ರಲ್ಲಿ ಶಿವಮೊಗ್ಗ, ಚಿಕ್ಕಮಗಳೂರು ಕಡೆಯ ಮಕ್ಕಳಿಗೆ ಅಂತ ಬಂದದ್ದು. ಅದನ್ನು ಯಾವ ಸಾಹುಕಾರರೂ ಕಟ್ಟಲಿಲ್ಲ, ನಮ್ಮ ತೆರಿಗೆ ಕಟ್ಟಿತು. ನಮ್ಮ ಕಡೆಯ ಡಿಗ್ರಿ ಮಕ್ಕಳಲ್ಲಿ ಹೆಚ್ಚಿನವರು ಅದರ ಕೆಳಗಿನ ಕಾಲೇಜುಗಳಲ್ಲೇ ಓದೋದು. ಸರ್ಜಾಪುರದ ಯೂನಿವರ್ಸಿಟಿ ಎಷ್ಟೇ ದೊಡ್ಡದಾದರೂ ಹಿಡಿಸೋದು ಕೆಲವು ಸಾವಿರ ಮಕ್ಕಳನ್ನು. ಮಿಕ್ಕ ಲಕ್ಷಾಂತರ ಮಕ್ಕಳು ಸರ್ಕಾರಿ ಯೂನಿವರ್ಸಿಟಿಗಳನ್ನೇ ನಂಬಿದ್ದಾರೆ. ಅಲ್ಲಿ ನೋಡಿದರೆ ರಾಜ್ಯದುದ್ದಕ್ಕೂ ಖಾಲಿ ಹುದ್ದೆ, ಅತಿಥಿ ಉಪನ್ಯಾಸಕರ ಗೋಳು. 2025ರ ಫೆಬ್ರವರಿಯಲ್ಲಂತೂ ದುಡ್ಡಿಲ್ಲ ಅಂತ ಹೊಸದಾಗಿ ತೆರೆದ 9 ಯೂನಿವರ್ಸಿಟಿಗಳನ್ನು ಮುಚ್ಚುವ ಮಾತು ಸಂಪುಟದ ಉಪಸಮಿತಿಯಲ್ಲೇ ಬಂತು. ಬೋರ್ಡು ಬರೆಸುವಾಗ ಇದ್ದ ಉತ್ಸಾಹ ಬಜೆಟ್ಟಿನಲ್ಲಿ ಇರಲಿಲ್ಲ.

ಟ್ಯೂಬ್‌ಲೈಟ್ ದಾನಿಗಳಿಗೆ ಒಂದು ಮಾತು

ಬೆಂಗಳೂರಿನ ಸಾಹುಕಾರರ ಮಾತು ಆಯಿತು. ನಮ್ಮೂರ ಸಾಹುಕಾರರ ಮಾತೂ ಆಗಲಿ. ನಮ್ಮ ಮೂರೂ ಊರಲ್ಲಿ ಕೊಡುಗೈ ದಾನಿಗಳಿಗೆ ಬರ ಇಲ್ಲ. ದೇವಸ್ಥಾನದ ಟ್ಯೂಬ್‌ಲೈಟ್ ನೋಡಿ. ಕೊಟ್ಟವರ ಹೆಸರು, ಅವರ ತಂದೆ ಹೆಸರು, ಅಂಗಡಿ ಹೆಸರು ಎಲ್ಲ ಬರೆದು ಬೆಳಕು ಬರೋಕೆ ಅರ್ಧ ಜಾಗ ಉಳಿದಿರುತ್ತದೆ. ಶಾಲೆಯ ಬೆಂಚು, ಬಸ್ ತಂಗುದಾಣದ ಕಲ್ಲುಬೆಂಚು, ಗೋಡೆ ಗಡಿಯಾರ, ಎಲ್ಲಾ ಕಡೆ ಇದೇ ಕಥೆ. ಗಡಿಯಾರ ನಿಂತು ವರ್ಷ ಆದರೂ ಹೆಸರು ಮಾತ್ರ ಅಚ್ಚಳಿಯದೆ ನಿಂತಿರುತ್ತದೆ. ಸೆಲ್ ಹಾಕಿಸೋರು ಯಾರೂ ಇಲ್ಲ!

ಸೆಲ್ ಹಾಕಿಸೋ ದಾನ ನಮಗೆ ಬೇಕಾಗಿರೋದು. ಒಂದು ಉದಾಹರಣೆ ಹೇಳುತ್ತೇವೆ. ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ ಕಾಲೇಜಲ್ಲಿ ಓದಿ ಡಿಗ್ರಿ ಅಥವಾ ಡಿಪ್ಲೊಮಾ ಸೇರಿದ ಹೆಣ್ಣುಮಕ್ಕಳಿಗೆ ಇದೇ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ವಿದ್ಯಾರ್ಥಿವೇತನ ಪ್ರಕಟಿಸಿತು. 2025-26ನೇ ಸಾಲಿಗೆ 18 ರಾಜ್ಯಗಳಲ್ಲಿ ಎರಡೂವರೆ ಲಕ್ಷ ಹುಡುಗಿಯರಿಗೆ ಅಂತ ಹೇಳಿದರು, ಕರ್ನಾಟಕವೂ ಅದರಲ್ಲಿತ್ತು. ಅರ್ಜಿಗೆ ಫೀಸಿಲ್ಲ. ಆದರೆ ಅರ್ಜಿ ಹಾಕೋದು ಆನ್‌ಲೈನಿನಲ್ಲಿ.

ಅಜ್ಜಂಪುರದ ಕಡೆಯ ಒಬ್ಬ ಹುಡುಗಿ ಬಸ್ಸಿನಲ್ಲಿ ಸಿಕ್ಕಿದ್ದಳು. 2023ರಿಂದ ಹೆಂಗಸರಿಗೆ ಬಸ್ಸು ಫ್ರೀ ಆದ್ದರಿಂದ ದಿನಾ ಓಡಾಡಿ ಓದುತ್ತಿದ್ದಾಳೆ. ನಮ್ಮ ಮೂರೂರಿನ ಪೈಕಿ ಒಂದೂರಿನ ಕಂಪ್ಯೂಟರ್ ಅಂಗಡಿಯಲ್ಲಿ ಈ ಫ್ರೀ ಅರ್ಜಿ ತುಂಬಿಸಲು ಅವಳ ಕೈಯಿಂದ ಮುನ್ನೂರು ರೂಪಾಯಿ ತಗೊಂಡಿದ್ದರು. ಅವಳ ಜೊತೆಗಾತಿ ಹತ್ತಿರ ಮುನ್ನೂರು ಇರಲಿಲ್ಲ, ಆಕೆ ಅರ್ಜಿಯನ್ನೇ ಹಾಕಲಿಲ್ಲ. ಬೆಂಗಳೂರಿನಿಂದ ಮೂವತ್ತು ಸಾವಿರ ಹೊರಟು ಬಂದರೂ ನಮ್ಮೂರಿನ ಮುನ್ನೂರು ಅದನ್ನು ಬಾಗಿಲಲ್ಲೇ ತಡೆಯಿತು. ಇದಕ್ಕೆ ಪ್ರೇಮ್‌ಜಿ ಏನು ಮಾಡಲು ಸಾಧ್ಯ?

ಹಾಗಾಗಿ ನಮ್ಮ ವರ್ತಕ ಬಂಧುಗಳಲ್ಲಿ ಒಂದು ವಿನಂತಿ. ಅರ್ಜಿ ಕರೆದ ತಿಂಗಳಲ್ಲಿ ಒಂದು ಕಂಪ್ಯೂಟರು, ಒಬ್ಬ ಹುಡುಗನನ್ನು ಕೂರಿಸಿ ಉಚಿತವಾಗಿ ಅರ್ಜಿ ತುಂಬಿಸಿಕೊಡಿ. ಹತ್ತು ಟ್ಯೂಬ್‌ಲೈಟಿನ ಖರ್ಚು ಆಗಲಾರದು. ಬೇಕಾದರೆ ಮೇಜಿನ ಮೇಲೆ ನಿಮ್ಮ ಹೆಸರಿನ ಬೋರ್ಡು ಇಟ್ಟುಕೊಳ್ಳಿ, ನಾವೇ ಫೋಟೋ ಹಾಕುತ್ತೇವೆ.

ಪೋಷಕರಲ್ಲಿ ಇನ್ನೊಂದು ವಿನಂತಿ. ನಿಮ್ಮೂರ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋಗಿ. ಈ ವಾರ ಎಷ್ಟು ಮೊಟ್ಟೆ ಬಂತು, ಎಷ್ಟು ಬೆಂದಿತು, ಎಷ್ಟು ಮಕ್ಕಳು ತಿಂದರು, ಪುಸ್ತಕ ತೋರಿಸಿ ಅಂತ ಕೇಳಿ. ಶಾಸಕರು ಊರಿಗೆ ಬಂದಾಗ ರಸ್ತೆ ಚರಂಡಿ ಜೊತೆಗೆ ಇದನ್ನೂ ಕೇಳಿ: 'ಸ್ವಾಮಿ, ಕರಾರು ಮುಗಿದ ಮೇಲೆ ನಾಲ್ಕು ಮೊಟ್ಟೆಗೆ ಬಜೆಟ್‌ನಲ್ಲಿ ಜಾಗ ಇದೆಯಾ? ಶಂಕರಘಟ್ಟದ ಖಾಲಿ ಹುದ್ದೆ ಯಾವಾಗ ತುಂಬ್ತೀರಿ?'

ಕೊನೆಗೆ ಕಡೂರು ಬಸ್ ನಿಲ್ದಾಣದ ಆ ಕೊಬ್ಬರಿ ಸಾಹುಕಾರರಿಗೆ ಉತ್ತರ. ಅವತ್ತು ತಾವು ಬೀರೂರಿನಲ್ಲೇ ಇಳಿದುಬಿಟ್ಟಿರಿ, ಹೇಳೋಕಾಗಲಿಲ್ಲ. ತಾವು ಕೇಳಿದ ಲಾಭ ಇದೆ ಸ್ವಾಮಿ. ಟಾಟಾ ಕೊಟ್ಟಿದ್ದರ ಲಾಭ ಗಂಧದ ಸೋಪಾಗಿ ನಿಮ್ಮೂರ ಅಂಗಡಿಗಳಿಗೆ ಬಂತು, ಅದಕ್ಕೆ ಹತ್ತಾರು ವರ್ಷ ಹಿಡಿಯಿತು, ಜೊತೆಗೆ ಸಂಸ್ಥಾನದ ಬೊಕ್ಕಸವೂ ಕೈಹಾಕಬೇಕಾಯಿತು. ಪ್ರೇಮ್‌ಜಿ ಕೊಟ್ಟಿದ್ದರ ಲಾಭವೂ ನಮ್ಮ ಮಕ್ಕಳಿಗೆ ಬರುತ್ತೋ ಇಲ್ಲವೋ ಅನ್ನೋದು ಅವರೊಬ್ಬರ ಕೈಲಿಲ್ಲ. ಮುಂದಿನ ಸಲ ಆ ಅಡುಗೆಯಮ್ಮ ಸಿಕ್ಕರೆ, ಈ ವಾರ ಎಷ್ಟು ದಿನ ಮೊಟ್ಟೆ ಬೇಯಿಸಿದೆ ತಾಯಿ ಅಂತ ಒಂದು ಮಾತು ಕೇಳಿ ನೋಡಿ.